ನೀರಿಲ್ಲದ ನಾಡಿನ ತಿಳಿನೀರು

ಕೆಂಪು ಸಮುದ್ರದ ರಾಸ್ ಮೊಹಮ್ಮದ್‌ನ ದಡದಲ್ಲಿ ಮಾಸ್ಕ್ ತೊಟ್ಟು ನೀರಿಗೆ ಮುಖವಿಟ್ಟಾಗ ನನಗೆ ಮೊದಲು ಆದದ್ದು ಭಯ. ಹವಳದ ಗೋಡೆಯೊಂದು ಕಾಲ ಕೆಳಗಿನಿಂದ ನೇರವಾಗಿ ಆಳಕ್ಕಿಳಿಯುವುದು ಮೇಲಿನಿಂದಲೇ ಸ್ಪಷ್ಟವಾಗಿ ಕಾಣುತ್ತಿತ್ತು. ತೀರ್ಥಹಳ್ಳಿಯಲ್ಲಿ ಬೆಳೆದವನಿಗೆ ಇಂಥ ನೀರಿನ ಪರಿಚಯವಿರುವುದಿಲ್ಲ. ಮಳೆಗಾಲದಲ್ಲಿ ತುಂಗೆ ಕೆಮ್ಮಣ್ಣು ಹೊತ್ತು ರಾಮಮಂಟಪವನ್ನು ಮುಳುಗಿಸಿ ಹರಿಯುವಾಗ ಒಂದು ಗೇಣು ಕೆಳಗೂ ಏನೂ ಕಾಣದು.

ಈಜಿಪ್ಟಿನ ಸಿನಾಯ್ ಪರ್ಯಾಯ ದ್ವೀಪದಲ್ಲಿ ಅಕ್ಟೋಬರ್ ತಿಂಗಳ ಎಂಟು ದಿನಗಳನ್ನು ಕಳೆದೆ. ಸೂಯೆಜ್ ಮತ್ತು ಅಕಾಬಾ ಕೊಲ್ಲಿಗಳು ಕೂಡುವ ದಕ್ಷಿಣದ ತುದಿಯೇ ರಾಸ್ ಮೊಹಮ್ಮದ್. 1983ರಲ್ಲಿ ಘೋಷಿತವಾದ ಇದು ಈಜಿಪ್ಟಿನ ಮೊದಲ ರಾಷ್ಟ್ರೀಯ ಉದ್ಯಾನ. ಕೆಂಪು ಸಮುದ್ರಕ್ಕೆ ವರ್ಷವಿಡೀ ಹರಿದು ಬಂದು ಸೇರುವ ನದಿ ಒಂದೂ ಇಲ್ಲ. ಮಣ್ಣು ಬೆರೆಯದ ಆ ನೀರಿನಲ್ಲಿ ಬಿಸಿಲು ಆಳದವರೆಗೆ ಇಳಿಯುತ್ತದೆ, ಹವಳದ ಮೈಯೊಳಗೆ ಬದುಕುವ ಪಾಚಿ ಆ ಬಿಸಿಲಿನಿಂದಲೇ ಆಹಾರ ತಯಾರಿಸಿ ಹವಳವನ್ನು ಸಾಕುತ್ತದೆ. ಮರುಭೂಮಿಯ ಬರಡುತನವೇ ಕಡಲೊಳಗಿನ ಈ ಸಮೃದ್ಧಿಗೆ ಒಂದು ಕಾರಣ ಎಂಬುದು ಮಳೆಯ ನಾಡಿನವನಾದ ನನಗೆ ಬಹಳ ಹೊತ್ತು ಯೋಚಿಸುವಂತೆ ಮಾಡಿತು.

ದಹಾಬ್ ಬಳಿಯ ಬ್ಲೂ ಹೋಲ್ ನೂರು ಮೀಟರ್‌ನಷ್ಟು ಆಳದ ಕಡಲ ಗುಂಡಿ. ಅಲ್ಲಿ ಮಡಿದ ಮುಳುಗುಗಾರರ ನೆನಪಿನ ಫಲಕಗಳನ್ನು ದಡದ ಬಂಡೆಯ ಮೇಲೆ ನೋಡಿದ ಬಳಿಕ, ತರಬೇತಿ ಇಲ್ಲದೆ ಯಾರೂ ಅಲ್ಲಿ ಆಳಕ್ಕೆ ಇಳಿಯಬಾರದು ಎಂದು ಒತ್ತಿ ಹೇಳಬೇಕೆನಿಸುತ್ತದೆ. ನಾನು ಮೇಲ್ಮೈಯಲ್ಲಷ್ಟೇ ತೇಲಿ ಬಂದೆ.

ಕರಾವಳಿ ಬಿಟ್ಟು ಒಳನಾಡಿಗೆ ಹೋದರೆ ಬೋಳು ಗ್ರಾನೈಟ್ ಬೆಟ್ಟಗಳ ನಡುವೆ ಸೇಂಟ್ ಕ್ಯಾಥರೀನ್ ಮಠವಿದೆ. ಆರನೆಯ ಶತಮಾನದಲ್ಲಿ ಚಕ್ರವರ್ತಿ ಜಸ್ಟಿನಿಯನ್ ಕಟ್ಟಿಸಿದ ಈ ಮಠದ ಗೋಡೆಯೊಳಗೆ, ಪ್ರವಾದಿ ಮೋಸೆಸ್‌ಗೆ ದೇವರು ಬೆಂಕಿಯ ರೂಪದಲ್ಲಿ ಕಾಣಿಸಿಕೊಂಡದ್ದು ಇದರಲ್ಲೇ ಎಂದು ಭಕ್ತರು ನಂಬುವ ಪೊದೆಯೂ ಮೋಸೆಸ್‌ರ ಹೆಸರಿನ ಬಾವಿಯೂ ಇವೆ. ತುಂಗೆಯ ಪರಶುರಾಮ ತೀರ್ಥದಲ್ಲಿ ಎಳ್ಳಮಾವಾಸ್ಯೆಯ ಸ್ನಾನ ಮಾಡುತ್ತಾ ಬೆಳೆದ ನನಗೆ, ಕ್ಷೇತ್ರವೊಂದರ ಒಡಲಲ್ಲಿ ನೀರು ಇರುವುದು ಮನೆಯ ಸಂಗತಿಯಂತೆಯೇ ತೋರಿತು. ಮಠದೊಳಗೆ ಒಂದು ಮಸೀದಿಯೂ ಇದೆ. ಚರ್ಚಿನ ಗಂಟೆಗೋಪುರದ ಪಕ್ಕದಲ್ಲೇ ಅದರ ಮಿನಾರು ನಿಂತಿರುವುದನ್ನು ನೋಡುತ್ತ ನಾನು ಹೊರಡಲು ತಡಮಾಡಿದೆ. ನಾಲ್ಕನೆಯ ಶತಮಾನದ ಬೈಬಲ್ ಹಸ್ತಪ್ರತಿ ಕೋಡೆಕ್ಸ್ ಸಿನಾಯ್ಟಿಕಸ್ ಇದ್ದದ್ದು ಇಲ್ಲಿಯೇ. ಇಂದು ಅದರ ಹೆಚ್ಚಿನ ಹಾಳೆಗಳು ಲಂಡನ್ನಿನಲ್ಲಿವೆ.

ನಡುರಾತ್ರಿ ಕಳೆದ ಮೇಲೆ ಹೊರಟು 2,285 ಮೀಟರ್ ಎತ್ತರದ ಜಬಲ್ ಮೂಸಾ, ಅಂದರೆ ಮೋಸೆಸ್‌ರ ಬೆಟ್ಟ, ಹತ್ತಿದೆವು. ತುದಿಯಲ್ಲಿ ಚಿಕ್ಕದೊಂದು ಚರ್ಚು, ಚಿಕ್ಕದೊಂದು ಮಸೀದಿ. ಸೂರ್ಯೋದಯವನ್ನು ಎಲ್ಲರೂ ವರ್ಣಿಸುತ್ತಾರೆ. ನನ್ನ ಮನಸ್ಸು ನಿಂತದ್ದು ಇಳಿದ ಮೇಲೆ ಕಂಡ ಒಂದು ತೋಟದಲ್ಲಿ. ನಮ್ಮ ಮಾರ್ಗದರ್ಶಿ ಜಬಲೀಯ ಬುಡಕಟ್ಟಿನ ಹಿರಿಯರು. ಕಣಿವೆಯಲ್ಲಿ ಕಲ್ಲುಗೋಡೆ ಕಟ್ಟಿ, ಅಪರೂಪಕ್ಕೆ ಬರುವ ‘ಸೈಲ್’ ಎಂಬ ಹಠಾತ್ ಪ್ರವಾಹದ ನೀರನ್ನೂ ಮಣ್ಣನ್ನೂ ತಡೆದು, ಬಾವಿಯೊಂದರ ಆಸರೆಯಲ್ಲಿ ಬಾದಾಮಿ, ಅಂಜೂರ, ದಾಳಿಂಬೆಗಳನ್ನು ಅವರ ಮನೆತನ ಬೆಳೆದುಕೊಂಡು ಬಂದಿದೆ. ನಮ್ಮ ಅಡಿಕೆ ತೋಟದಲ್ಲಿ ಬಸಿಗಾಲುವೆ ತೋಡಿ ನೀರನ್ನು ಹೊರಗೆ ಕಳಿಸುವುದೇ ಮಳೆಗಾಲದ ದೊಡ್ಡ ಕೆಲಸ. ಅವರದು ಒಂದೊಂದು ಹನಿಯನ್ನೂ ನಿಲ್ಲಿಸಿಕೊಳ್ಳುವ ಕೆಲಸ.

ಚಹಾ ಕೊಟ್ಟು, ನಿಮ್ಮ ಕಡೆ ಮಳೆ ಎಷ್ಟು ಎಂದು ಕೇಳಿದರು. ಊರಿನ ಹತ್ತಿರದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರ್‌ಗೂ ಹೆಚ್ಚು ಎಂದು ಹೇಳಿ, ಅಂದರೆ ನಾಲ್ಕು ಆಳೆತ್ತರವೆಂದು ಕೈಯಲ್ಲಿ ತೋರಿಸಿದೆ. ಅವರು ತಮ್ಮ ಬಾವಿಯ ಕಡೆ ನೋಡಿ, “ಅಷ್ಟು ನೀರನ್ನು ಎಲ್ಲಿ ಇಡುತ್ತೀರಿ?” ಎಂದರು. ಇಡುವುದಿಲ್ಲ, ಹರಿದುಹೋಗುತ್ತದೆ ಎಂದೆ. ಈಚಿನ ವರ್ಷಗಳಲ್ಲಿ ಏಪ್ರಿಲ್ ಹೊತ್ತಿಗೆ ನಮ್ಮ ಬಾವಿಯ ತಳ ಕಾಣುತ್ತದೆ ಎಂಬುದನ್ನೂ ಹೇಳಿದೆ. ಅವರು ಎದ್ದು ಹೋಗಿ, ತಮ್ಮ ತಾತ ಕಟ್ಟಿದ ಗೋಡೆಯ ಕಲ್ಲುಗಳನ್ನು ಹೇಗೆ ಜೋಡಿಸಲಾಗಿದೆಯೆಂದು ಒಂದೊಂದಾಗಿ ಮುಟ್ಟಿ ತೋರಿಸತೊಡಗಿದರು.