ಹಳೆಯ ಮೈಸೂರಿನ ಚಿತ್ರ ನೋಡುವವರು ಮೊದಲು ಅದರ ಅಂಚು ಓದಬೇಕು

ಬೆಂಗಳೂರು ಕೋಟೆ, ಶ್ರೀರಂಗಪಟ್ಟಣ, ಶಿವಗಂಗೆಯ ಹಳೆಯ ಚಿತ್ರಗಳು ವಾಟ್ಸಾಪಿನಲ್ಲಿ ಓಡಾಡುವಷ್ಟರಲ್ಲಿ ನಾಲ್ಕೂ ಅಂಚು ಕತ್ತರಿಸಿಹೋಗಿರುತ್ತವೆ. ಇತಿಹಾಸಕ್ಕೆ ಬೇಕಾದದ್ದು ಇರುವುದು ಆ ಅಂಚಿನಲ್ಲೇ.

ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಸಂಗ್ರಹದಲ್ಲಿ ಇಂಥ ಹಾಳೆಗಳು ಬೇಕಾದಷ್ಟಿವೆ. ಪ್ರತಿ ಹಾಳೆಗೂ ಗ್ರಂಥಾಲಯ ಕೊಟ್ಟ ಗುರುತಿನ ಸಂಖ್ಯೆ, ಅಂದರೆ ಕರೆಸಂಖ್ಯೆ, ‘ಡಬ್ಲ್ಯೂಡಿ’ ಎಂದು ಶುರುವಾದರೆ ಅದು ಕೈಯಲ್ಲಿ ಬರೆದ ಚಿತ್ರ. ಕಾಲಿನ್ ಮೆಕೆಂಜಿಯ ಸರ್ವೆ ತಂಡದ ಚಿತ್ರಗಳು ಹೆಚ್ಚಾಗಿ ಇಲ್ಲಿ ಸಿಗುತ್ತವೆ. ‘ಪಿ’ ಎಂದರೆ ಬಿಡಿ ಮುದ್ರಿತ ಹಾಳೆ, ‘ಎಕ್ಸ್’ ಎಂದರೆ ಮುದ್ರಿತ ಚಿತ್ರಗಳ ಸಂಪುಟ.

ಮುದ್ರಿತ ಚಿತ್ರದ ಕೆಳಗೆ ಎಡತುದಿಯಲ್ಲಿ ಚಿತ್ರ ಬರೆದವನ ಹೆಸರು, ಬಲತುದಿಯಲ್ಲಿ ತಾಮ್ರದ ತಗಡಿನ ಮೇಲೆ ಕೆತ್ತಿದವನ ಹೆಸರು, ನಡುವೆ ಪ್ರಕಾಶಕನ ವಿಳಾಸ ಮತ್ತು ತಾರೀಖು ಇರುತ್ತದೆ. ತಾರೀಖು ಹಾಕಿದ್ದು ಇತಿಹಾಸಕಾರರ ಮೇಲಿನ ಪ್ರೀತಿಯಿಂದಲ್ಲ. 1735ರ ಇಂಗ್ಲೆಂಡಿನ ಕಾಯಿದೆಯಂತೆ ಬೇರೆಯವರು ನಕಲು ಮಾಡದಂತೆ ತಡೆಯುವ ಹಕ್ಕು ಬೇಕಿದ್ದರೆ ಮಾಲೀಕನ ಹೆಸರೂ ಪ್ರಕಟಣೆಯ ದಿನವೂ ತಗಡಿನ ಮೇಲೆ ಇರಬೇಕಿತ್ತು. ಹಾಗಾಗಿ ಅದು ಪ್ರಕಟಣೆಯ ದಿನವೇ ಹೊರತು ಕಲಾವಿದ ಆ ಜಾಗವನ್ನು ಕಂಡ ದಿನವಲ್ಲ. ಇಲ್ಲಿನ ದೃಶ್ಯಗಳನ್ನು ಬರೆದ ಬ್ರಿಟಿಷ್ ಸೇನಾಧಿಕಾರಿ ಜೇಮ್ಸ್ ಹಂಟರ್ ತೀರಿಕೊಂಡದ್ದು 1792ರಲ್ಲಿ. ಅವನ ಮೈಸೂರಿನ ದೃಶ್ಯಗಳನ್ನು ಪ್ರಕಾಶಕ ಎಡ್ವರ್ಡ್ ಓರ್ಮ್ ಲಂಡನ್ನಿನಲ್ಲಿ ಹೊರತಂದದ್ದು 1804–05ರಲ್ಲಿ. ಅವನ್ನು ‘1805ರ ಬೆಂಗಳೂರು’ ಎಂದು ಹಂಚುವವರು ಟಿಪ್ಪು ಬದುಕಿದ್ದ ಕಾಲದ ಊರನ್ನು ಅವನು ಸತ್ತ ಮೇಲಿನದೆಂದು ತೋರಿಸುತ್ತಿದ್ದಾರೆ. ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಕಾರ್ನ್‌ವಾಲಿಸನ ಸೇನೆಯ ಜೊತೆಗಿದ್ದ ಕಲಾವಿದ ರಾಬರ್ಟ್ ಹೋಮ್‌ನ ಚಿತ್ರಗಳು ಲಂಡನ್ನಿನಲ್ಲಿ 1794ರಲ್ಲೇ ಅಚ್ಚಾದವು, ಆದರೆ ಹೋಮ್ ಇದ್ದದ್ದು ಭಾರತದಲ್ಲಿ. ಕೆತ್ತಿದವರಿಗೆ ‘ಬೆಟ್ಟ ಇಷ್ಟು ಕಡಿದಾಗಿಲ್ಲ’ ಎಂದು ತಿದ್ದಿ ಹೇಳುವವರು ಪಕ್ಕದಲ್ಲಿರಲಿಲ್ಲ.

ಇನ್ನೊಂದು ತಾರೀಖು ಕಾಗದದೊಳಗೇ ಇರಬಹುದು. ಹಾಳೆಯನ್ನು ಬೆಳಕಿಗೆ ಹಿಡಿದರೆ ಇಂಗ್ಲೆಂಡಿನ ವಾಟ್‌ಮನ್ ಕಾಗದವಾದರೆ ಅದರ ವಾಟರ್‌ಮಾರ್ಕ್, ಅಂದರೆ ತಯಾರಕರ ಒಳಗುರುತು, ಕಾಣುತ್ತದೆ. 1794ರಿಂದೀಚೆಗೆ ಅದರಲ್ಲಿ ಇಸವಿ ಸೇರಿಸುವುದು ರೂಢಿಯಾಯಿತು. ಕೆಳಗೆ 1804 ಎಂದಿದ್ದು ಕಾಗದದೊಳಗೆ 1815 ಇದ್ದರೆ ಅದು ಹಳೆಯ ತಗಡಿನಿಂದ ಮತ್ತೆ ಒತ್ತಿದ ಪ್ರತಿ. ಗೆರೆಯ ಬದಲು ಛಾಯೆ ಮೂಡಿಸುವ ಮುದ್ರಣಕ್ಕೆ ಅಕ್ವಾಟಿಂಟ್ ಎನ್ನುತ್ತಾರೆ. ಅದರ ತಗಡು ಬೇಗ ಸವೆಯುತ್ತದೆ. ಮೊದಲು ಮಾಯವಾಗುವುದು ಆಕಾಶ ಮತ್ತು ದೂರದ ಗುಡ್ಡಗಳ ತೆಳು ಛಾಯೆ. ಆ ಕೊರತೆ ಮುಚ್ಚಲು ದಪ್ಪ ಬಣ್ಣ ಬಳಿದಿರುವುದೂ ಉಂಟು.

ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಸಾಕು. ಅಕ್ವಾಟಿಂಟಿನಲ್ಲಿ ರಾಳದ ಪುಡಿಯಿಂದಾದ ಬಲೆಯಂಥ ಸಣ್ಣ ಬಿರುಕು ಕಾಣುತ್ತದೆ. ಗೆರೆಕೆತ್ತನೆಯಲ್ಲಿ ಗೆರೆ ನಡುವೆ ದಪ್ಪವಾಗಿ ತುದಿಯಲ್ಲಿ ಚೂಪಾಗುತ್ತದೆ. ಲಿಥೊಗ್ರಾಫಿನಲ್ಲಿ (ಕಲ್ಲಚ್ಚಿನಲ್ಲಿ) ಬಳಪದ ತರಿ ಇರುತ್ತದೆ, ತಗಡಿನ ಅಂಚು ಕಾಗದದ ಮೇಲೆ ಬಿಡುವ ಒತ್ತುಗುರುತು ಇರುವುದಿಲ್ಲ. ಸಾಲಾಗಿ ಬಣ್ಣದ ಚುಕ್ಕಿ ಕಂಡರೆ ಅದು ಈಚಿನ ಆಫ್‌ಸೆಟ್ ಪ್ರತಿ. ಒತ್ತುಗುರುತು ಕಾಣಬೇಕಾದರೆ ದೀಪವನ್ನು ಪಕ್ಕದಿಂದ ಓರೆಯಾಗಿ ಹಿಡಿಯಬೇಕು. ಅದು ಇಲ್ಲವೆಂದ ಮಾತ್ರಕ್ಕೆ ನಕಲಿ ಎನ್ನಬೇಡಿ. ಚೌಕಟ್ಟಿಗೆ ಕೂರಿಸಲು ಅಂಚು ಕತ್ತರಿಸಿರಬಹುದು.

ಬಣ್ಣವನ್ನಂತೂ ಸಾಕ್ಷಿಯಾಗಿ ಹಿಡಿಯಲೇಬಾರದು. ಅಕ್ವಾಟಿಂಟುಗಳನ್ನು ಸಾಮಾನ್ಯವಾಗಿ ಒಂದೆರಡು ಶಾಯಿಯಲ್ಲಿ ಒತ್ತಿ, ಉಳಿದ ಬಣ್ಣವನ್ನು ಲಂಡನ್ನಿನ ಕೂಲಿಯವರು ಕೈಯಿಂದ ತುಂಬುತ್ತಿದ್ದರು. ಅದನ್ನು ನೋಡಿ ಗೋಡೆ ಸುಣ್ಣದ್ದೋ ಇಟ್ಟಿಗೆಯದ್ದೋ ಎಂದು ವಾದಿಸುವುದು ವ್ಯರ್ಥ.

ಹುಡುಕುವಾಗ ಹೆಸರಿನ ತಾಪತ್ರಯವೂ ಇದೆ. ‘ಸೆವರ್ನ್‌ಡ್ರೂಗ್’ ಎಂದು ಕೊಟ್ಟರೆ ನಮ್ಮ ಮಾಗಡಿಯ ಸಾವನದುರ್ಗವೂ ಬರುತ್ತದೆ, ಕೊಂಕಣ ಕಡಲಿನ ಸುವರ್ಣದುರ್ಗವೂ ಬರುತ್ತದೆ. ಸಾವನದುರ್ಗ ಇಂಗ್ಲಿಷರ ಕೈಸೇರಿದ್ದು 1791ರ ಡಿಸೆಂಬರಿನಲ್ಲಿ, ಸುವರ್ಣದುರ್ಗ 1755ರಲ್ಲಿ. ಚಿತ್ರದಲ್ಲಿ ಹಡಗು ಕಂಡರೆ ಅದು ಮಾಗಡಿಯಲ್ಲ!

ಗ್ರಂಥಾಲಯದಿಂದ ಸ್ಕ್ಯಾನ್ ಕೇಳುವವರು ಚಿತ್ರದ ಭಾಗವನ್ನಷ್ಟೇ ಕೇಳಬೇಡಿ. ಅಂಚು ಸಮೇತ ಪೂರ್ತಿ ಹಾಳೆ, ಜೊತೆಗೆ ಹಿಂಬದಿ ಬೇಕೆಂದು ಬರೆಯಿರಿ. ಪೆನ್ಸಿಲಿನಲ್ಲಿ ಬರೆದಿಟ್ಟ ಹಳೆಯ ಮಾಲೀಕರ ಟಿಪ್ಪಣಿ ಎಷ್ಟೋ ಸಲ ಅಲ್ಲಿರುತ್ತದೆ. ಕೊಂಡಿಗಿಂತ ಕರೆಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. 2023ರ ಅಕ್ಟೋಬರಿನ ಸೈಬರ್ ದಾಳಿಯ ಬಳಿಕ ಬ್ರಿಟಿಷ್ ಲೈಬ್ರರಿಯ ಎಷ್ಟೋ ಹಳೆಯ ಕೊಂಡಿಗಳು ಕೆಟ್ಟಿವೆ. ಕರೆಸಂಖ್ಯೆ ಗೊತ್ತಿದ್ದರೆ ಪತ್ರ ಬರೆದಾದರೂ ಹಾಳೆಯನ್ನು ಹುಡುಕಿಸಬಹುದು.