‘ಭಾಗ ಎರಡು ಹೇಗಿದೆ, ನೋಡಬಹುದೇ?’

ಮದುವೆ ಮನೆಯ ಊಟದ ಪಂಕ್ತಿಯಲ್ಲಿ, ಕಚೇರಿಯ ಲಿಫ್ಟಿನಲ್ಲಿ, ಒಮ್ಮೆಯಂತೂ ಹಲ್ಲಿನ ವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದು ಕೂತಿದ್ದಾಗಲೂ ನನಗೆ ಎದುರಾದ ಪ್ರಶ್ನೆ ಇದು: “ನೀವು ಬಂದ ಸಿನಿಮಾ ಬಿಡದೆ ನೋಡುವವರಲ್ಲವೇ? ಆ ಭಾಗ ಎರಡು ಹೇಗಿದೆ? ನೋಡಬಹುದೇ?” ಕೇಳುವವರಿಗೆ ಬೇಕಾಗಿರುವುದು ಹೌದು ಅಥವಾ ಇಲ್ಲ ಎಂಬ ಒಂದು ಮಾತು. ಮನೆಮಂದಿಯನ್ನೆಲ್ಲ ಕರೆದುಕೊಂಡು ಮಲ್ಟಿಪ್ಲೆಕ್ಸಿಗೆ ಹೋಗಿ ಬರುವಷ್ಟರಲ್ಲಿ ಕಿಸೆಗೆ ಬೀಳುವ ಹೊರೆ ಗೊತ್ತಿರುವುದರಿಂದ ಅವರ ಅವಸರ ನನಗೆ ಅರ್ಥವಾಗುತ್ತದೆ. ಆದರೂ ನಾನು ತಿರುಗಿ ಕೇಳುತ್ತೇನೆ: “ಮೊದಲನೆಯದರಲ್ಲಿ ನಿಮಗೆ ಹಿಡಿಸಿದ್ದು ಯಾವುದು?” ಇದನ್ನು ಜಂಬ ಎಂದುಕೊಂಡವರೇ ಹೆಚ್ಚು. ವೈದ್ಯರು ಮಾತ್ರ ನನ್ನ ಬಾಯಿಗೆ ಹತ್ತಿ ತುರುಕಿ ಸುಮ್ಮನಾಗಿಸಿದರು.

ಭಾಗ ಎರಡು ಎಂದರೆ ಕತೆಯ ಮುಂದುವರಿಕೆ ಎಂದು ಪೋಸ್ಟರ್ ಹೇಳುತ್ತದೆ. ನನ್ನ ಲೆಕ್ಕದಲ್ಲಿ ಅದು ಮೊದಲ ಭಾಗದ ಬಗ್ಗೆ ಅದನ್ನು ಮಾಡಿದವರೇ ಕೊಡುವ ವಿಮರ್ಶೆ. ಜನ ಯಾಕೆ ಮುಗಿಬಿದ್ದರು ಎಂದು ಅವರು ಕೂತು ಯೋಚಿಸುತ್ತಾರೆ, ಇದಕ್ಕೇ ಇರಬೇಕು ಎಂದು ತೀರ್ಮಾನಿಸುತ್ತಾರೆ, ಆಮೇಲೆ ಅದನ್ನೇ ಹಿಗ್ಗಿಸಿ ತೆರೆಗೆ ತರುತ್ತಾರೆ. ಅವರ ತೀರ್ಮಾನವೂ ನಮ್ಮದೂ ಒಂದೇ ಆದರೆ ಸಿಳ್ಳೆ. ಬೇರೆಯಾದರೆ, ಪಾಯಸ ಚೆನ್ನಾಗಿತ್ತು ಎಂದವನ ಮುಂದೆ ಬಟ್ಟಲು ತುಂಬ ಬರೀ ಗೋಡಂಬಿ ಇಟ್ಟಂತೆ. ದುಬಾರಿಯದು ಹೌದು, ಹಾಕಿದವರ ಪ್ರೀತಿಯೂ ಸುಳ್ಳಲ್ಲ. ಆದರೆ ಪಾಯಸ ಎಲ್ಲಿ?

ಶಂಕರ್ ನಿರ್ದೇಶನದ ‘ಇಂಡಿಯನ್ 2’ ನೋಡಿದ ಮೇಲೆ ಈ ಅನುಮಾನ ನನಗೆ ಖಾತ್ರಿಯಾಯಿತು. 1996ರ ‘ಇಂಡಿಯನ್’ನಲ್ಲಿ ಕಮಲ್ ಹಾಸನ್ ಅವರ ಮುದುಕನ ವೇಷವಿತ್ತು, ಬೆರಳಿನಿಂದಲೇ ನರ ಹಿಡಿದು ಆಳನ್ನು ಕೆಡವುವ ವರ್ಮ ವಿದ್ಯೆಯಿತ್ತು. ಅದನ್ನು ನೋಡಿ ನಾವೆಲ್ಲ ಶಾಲೆಯ ಬೆಂಚಿನ ಮೇಲೆ ಗೆಳೆಯರ ಕುತ್ತಿಗೆಗೆ ಬೆರಳಿಟ್ಟಿದ್ದೂ ಉಂಟು. ಆದರೆ ಚಿತ್ರ ಮನಸ್ಸಿನಲ್ಲಿ ಉಳಿದದ್ದು ಬೇರೆಯದಕ್ಕೆ. ಲಂಚ ಕೊಡಲು ಒಪ್ಪದೆ ಮಗಳನ್ನು ಕಳೆದುಕೊಂಡ ಸೇನಾಪತಿ, ಲಂಚ ತಿಂದ ಮಗನನ್ನು ತನ್ನ ಕೈಯಾರೆ ಕೊಲ್ಲುತ್ತಾನೆ. ಸಿಟ್ಟು, ದುಃಖ, ನ್ಯಾಯ ಎಲ್ಲವೂ ಒಂದೇ ಮನೆಯ ಹೊಸಿಲೊಳಗೆ ನಡೆಯುತ್ತದೆ. ಇಪ್ಪತ್ತೆಂಟು ವರ್ಷ ಕಳೆದು 2024ರಲ್ಲಿ ಬಂದ ಎರಡನೆಯದಕ್ಕೆ ಉಳಿದದ್ದು ವೇಷ ಮತ್ತು ವರ್ಮ ಮಾತ್ರ. ನಿಮ್ಮ ನಿಮ್ಮ ಮನೆಯ ಕಳ್ಳರನ್ನು ಹಿಡಿದುಕೊಡಿ ಎಂದು ಸೇನಾಪತಿ ಈಗ ಊರವರ ಮಕ್ಕಳಿಗೆ ಉಪದೇಶ ಮಾಡುತ್ತಾನೆ. ಅವನಿಗೆ ಅದರಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲ. ಸಾಲದ್ದಕ್ಕೆ ಕೊನೆಯಲ್ಲಿ ಮೂರನೆಯದರ ತುಣುಕುಗಳನ್ನು ತೋರಿಸಿ ಕಳಿಸುತ್ತಾರೆ. ಬಾಗಿಲ ಕಡೆ ಹೊರಟಿದ್ದವರು ನಿಂತು ನೋಡಿ, “ಇದನ್ನೇ ಮೊದಲು ತೋರಿಸಬಾರದಿತ್ತೇ?” ಎಂದುಕೊಂಡು ಹೋದರು.

‘ಮುಂಗಾರು ಮಳೆ 2’ ಹಳೆಯ ಗಾಯ. ಅದರ ಬಗ್ಗೆ ಹೆಚ್ಚು ಹೇಳಲಾರೆ. 2006ರ ಕೊನೆಯಲ್ಲಿ ಬಂದ ಯೋಗರಾಜ್ ಭಟ್ಟರ ಚಿತ್ರದಲ್ಲಿ ಮಳೆ ಬಂದದ್ದು ನಿಜ, ಗಣೇಶ್ ಮನೆಮಾತಾದದ್ದೂ ನಿಜ. ಆದರೆ ಆ ಮಾತಿನಮಲ್ಲ ಒಂದು ಮೊಲಕ್ಕೆ ದೇವದಾಸ ಎಂದು ಹೆಸರಿಟ್ಟು ಅದರ ಜೊತೆ ಮಾತನಾಡಿಕೊಂಡು, ಕೊನೆಗೆ ಹುಡುಗಿಯನ್ನು ಬಿಟ್ಟುಕೊಟ್ಟು ಬರುತ್ತಾನಲ್ಲ, ಆ ಸೋಲಿಗೆ ಜನ ಮರುಳಾದರು. ಹತ್ತು ವರ್ಷದ ಬಳಿಕ ಶಶಾಂಕ್ ನಿರ್ದೇಶಿಸಿದ ಎರಡನೆಯದು ಹೆಸರು, ಮಳೆ ಮತ್ತು ನಾಯಕನನ್ನು ಎತ್ತಿಕೊಂಡಿತು. ಬೇರೆ ಹೆಸರಿನಲ್ಲಿ ಬಂದಿದ್ದರೆ ಒಂದು ಸಾಧಾರಣ ಪ್ರೇಮಕತೆ ಎಂದು ನೋಡಿ ಮರೆಯುತ್ತಿದ್ದೆವು. ಹೆಸರೇ ಅದಕ್ಕೆ ಮುಳುವಾಯಿತು.

ಇನ್ನು ಹಿಂದಕ್ಕೆ ಹೋಗುವ ಕತೆಗಳು. ಇವುಗಳಿಗೆ ಇನ್ನೊಂದು ಕಾಯಿಲೆಯುಂಟು: ವಿವರಿಸುವ ಚಟ. 2017ರ ‘ಮಫ್ತಿ’ಯಲ್ಲಿ ಭೈರತಿ ರಣಗಲ್ ಎಂಬ ಹೆಸರು ಮೊದಲು ಬರುತ್ತದೆ, ಮನುಷ್ಯ ಎಷ್ಟೋ ಹೊತ್ತಿನ ಮೇಲೆ ಬರುತ್ತಾನೆ. ಅಷ್ಟರೊಳಗೆ ಊರಿಗೆ ಊರೇ ಅವನ ಮಾತನ್ನು ಪಿಸುಗುಟ್ಟುತ್ತಿರುತ್ತದೆ. ಕಪ್ಪು ಅಂಗಿ, ಕಪ್ಪು ಪಂಚೆಯಲ್ಲಿ ಶಿವರಾಜಕುಮಾರ್ ಕಾಣಿಸಿಕೊಂಡಾಗ ಕಣ್ಣಲ್ಲೇ ಅರ್ಧ ಕೆಲಸ ಮುಗಿಸುತ್ತಾರೆ. ನಿರ್ದೇಶಕ ನರ್ತನ್ 2024ರಲ್ಲಿ ಅದರ ಹಿಂದಿನ ಕತೆ ಹೇಳಿದರು: ಅವನು ವಕೀಲನಾಗಿದ್ದ, ಕಾನೂನು ಕೈಕೊಟ್ಟಿತು, ಅದಕ್ಕೆ ಹೀಗಾದ. ಕತೆ ಸುಳ್ಳೆನಿಸುವುದಿಲ್ಲ. ಶಿವಣ್ಣನ ಗತ್ತಿಗೂ ಕುಂದಿಲ್ಲ, ನಾನು ಬೇಸರವಿಲ್ಲದೆ ನೋಡಿದೆ. ಆದರೆ ಮನೆಗೆ ಬಂದು ‘ಮಫ್ತಿ’ಯನ್ನು ಮತ್ತೆ ಹಾಕಿಕೊಂಡಾಗ ಏನೋ ಕಳೆದಿತ್ತು. ಆ ಮೌನದ ಹಿಂದೆ ಏನಿದೆ ಎಂದು ನಾನು ಊಹಿಸಿಕೊಂಡಿದ್ದೆಲ್ಲ ರದ್ದಾಗಿ, ಅಧಿಕೃತ ಕಾರಣವೊಂದು ಬಂದು ಕೂತಿತ್ತು. ತಾನು ಸಾಧಾರಣವಾಗಿದ್ದರೆ ಸರಿ, ಹಳೆಯದರ ಆಸ್ತಿಯನ್ನೂ ಕರಗಿಸುವ ಭಾಗಗಳ ಮೇಲೆ ನನಗೆ ಹೆಚ್ಚು ಕೋಪ.

ಹೀಗೆಯೇ ಹಿಂದಕ್ಕೆ ಹೋಗುವ ‘ಕಾಂತಾರ: ಚಾಪ್ಟರ್ 1’ ಬಗ್ಗೆ ಕೇಳುವವರು ಈಗ ಎಲ್ಲರಿಗಿಂತ ಹೆಚ್ಚು. ಚೆನ್ನಾಗಿದೆ, ನೋಡಿ, ದೊಡ್ಡ ತೆರೆಯಲ್ಲೇ ನೋಡಿ. ಕದಂಬರ ಕಾಲ, ಕಾಡಿನ ಜನ ಬಂದರಿಗೆ ಇಳಿದು ತಮ್ಮ ಮೆಣಸಿನ ಬೆಲೆ ಏನೆಂದು ತಿಳಿಯುವುದು, ಪೇಟೆಯಲ್ಲಿ ಹತೋಟಿ ತಪ್ಪಿ ಓಡುವ ರಥ, ರುಕ್ಮಿಣಿ ವಸಂತ್ ಅವರ ಕನಕವತಿ, ಇವೆಲ್ಲ ನನ್ನನ್ನು ಕುರ್ಚಿಯ ತುದಿಗೆ ತಂದು ಕೂರಿಸಿದವು. ರಿಷಬ್ ಶೆಟ್ಟಿಯವರ ಮೈಮೇಲೆ ದೈವ ಬಂದಾಗ ಕೈ ತಾನಾಗಿ ಮುಗಿಯುವ ಜನ ನನ್ನ ಅಕ್ಕಪಕ್ಕದಲ್ಲಿಯೇ ಇದ್ದರು. ಆದರೆ 2022ರ ‘ಕಾಂತಾರ’ದಲ್ಲಿ ನಾನು ಮತ್ತೆ ಮತ್ತೆ ನೋಡುವುದು ಕೊನೆಯ ಇಪ್ಪತ್ತು ನಿಮಿಷವನ್ನಲ್ಲ. ಶಿವನ ಪೋಲಿ ಬದುಕು, ಕಂಬಳದ ಜಟಾಪಟಿ, ತಾಯಿ ಕಮಲಾಳ ಬೈಗುಳ, ಅರಣ್ಯಾಧಿಕಾರಿಯ ಜೊತೆಗಿನ ಹುಲ್ಲು-ಸೌದೆಯ ತಂಟೆ ಇವು ನನ್ನ ಕಾಂತಾರ. ಆ ಸಣ್ಣತನ, ಆ ಮೀನು ಸಾರಿನ ವಾಸನೆಯ ಊರು ಇದ್ದುದರಿಂದಲೇ ಕೊನೆಯ ಅಬ್ಬರಕ್ಕೆ ಬೆಲೆ ಬಂದದ್ದು. ಹೊಸದರಲ್ಲಿ ಅಬ್ಬರ ಆರಂಭದಿಂದಲೇ ಇದೆ. ನಗಿಸಲು ಯತ್ನಿಸಿದ ಕಡೆ ನಗು ಬರಲಿಲ್ಲ. ನಿಮಗೆ ಹಿಡಿಸಿದ್ದು ದೈವವೇ ಆಗಿದ್ದರೆ ನನ್ನ ಈ ಗೊಣಗಾಟಕ್ಕೆ ಕಿವಿಗೊಡಬೇಡಿ.

‘ಕೆಜಿಎಫ್’ ವಿಷಯದಲ್ಲಿಯೂ ಹೀಗೆಯೇ ಎರಡು ಬಣ. 2018ರ ಮೊದಲ ಅಧ್ಯಾಯದಲ್ಲಿ ನನ್ನ ಮಟ್ಟಿಗೆ ದೊಡ್ಡ ದೃಶ್ಯ ಖಳ ಗರುಡನ ವಧೆಯಲ್ಲ. ಮುಂಬೈಯ ನಡುರಸ್ತೆಯಲ್ಲಿ ಕೂಸನ್ನು ಎತ್ತಿಕೊಂಡ ಬಡ ತಾಯಿಯ ಕೈಯಿಂದ ಜಾರಿದ ಬನ್ನಿಗಾಗಿ ನಾಯಕ ರಾಕಿ ವಾಹನಗಳನ್ನೆಲ್ಲ ತಡೆದು ನಿಲ್ಲಿಸುತ್ತಾನಲ್ಲ, ಅದು. 2022ರ ಎರಡನೆಯದರಲ್ಲಿ ರಾಕಿ ಹೊಸಿಲು ದಾಟುವ ಮೊದಲೇ ಗೆದ್ದಿರುತ್ತಾನೆ, ಹಾಗಾಗಿ ಅವನಿಗೇನಾಗುವುದೋ ಎಂಬ ಆತಂಕ ನನಗೆ ಹುಟ್ಟಲಿಲ್ಲ. ಕತೆ ಹೇಳುವ ಅನಂತನಾಗ್ ಅವರ ಜಾಗಕ್ಕೆ ಪ್ರಕಾಶ್ ರಾಜ್ ಬಂದರು. ಅವರು ಕಳಪೆ ನಟರಲ್ಲ, ಆದರೆ ಅಜ್ಜನ ದನಿಯಲ್ಲಿ ಕೇಳಿದ ಕತೆಯನ್ನು ಇನ್ನೊಬ್ಬರು ಮುಂದುವರಿಸಿದಾಗ ಕಿವಿ ಒಗ್ಗಲು ಹೊತ್ತು ಬೇಕು. ಇಷ್ಟೆಲ್ಲ ಹೇಳಿಯೂ ಒಂದು ಮಾತು. ಪೊಲೀಸ್ ಠಾಣೆಯ ಮುಂದೆ ಆ ದೈತ್ಯ ಬಂದೂಕಿನಿಂದ ಜೀಪುಗಳನ್ನು ಚಿಂದಿ ಮಾಡಿ, ಕೆಂಪಗೆ ಕಾದ ನಳಿಕೆಗೆ ಸಿಗರೇಟು ತಾಗಿಸಿ ಹೊತ್ತಿಸಿಕೊಳ್ಳುವ ದೃಶ್ಯ ಟಿವಿಯಲ್ಲಿ ಬಂದರೆ ಕೈಯಲ್ಲಿರುವ ಕೆಲಸ ಬಿಟ್ಟು ನೋಡುತ್ತೇನೆ. ತರ್ಕ ಕೇಳಿದರೆ ಉತ್ತರವಿಲ್ಲ.

ಒಂದು ಭಾಗ ಎರಡನ್ನು ಮಾತ್ರ ನಾನು ಬಹಿರಂಗವಾಗಿ ವಹಿಸಿಕೊಂಡು ಜಗಳವಾಡುತ್ತೇನೆ. ಹೇಮಂತ್ ರಾವ್ ಅವರ ‘ಸಪ್ತ ಸಾಗರದಾಚೆ ಎಲ್ಲೋ’ ಚಿತ್ರದ ಸೈಡ್ ಬಿ. 2023ರ ಸೆಪ್ಟೆಂಬರಿನಲ್ಲಿ ಸೈಡ್ ಎ ನೋಡಿ ಕಣ್ಣೊರೆಸಿಕೊಂಡವರೇ ನವೆಂಬರಿನಲ್ಲಿ ಸೈಡ್ ಬಿ ನೋಡಿ ಮುಖ ಸಿಂಡರಿಸಿದರು. ಜೈಲಿನಿಂದ ಹೊರಬಂದ ಮನು ಮದುವೆಯಾಗಿ ಮಗುವಿರುವ ಪ್ರಿಯಾಳ ಬೆನ್ನು ಹತ್ತುವುದು ಎಷ್ಟು ಸರಿ ಎಂಬುದು ಅವರ ತಕರಾರು. ಸರಿಯಲ್ಲ, ಚಿತ್ರವೂ ಸರಿ ಎನ್ನುವುದಿಲ್ಲ. ಸೈಡ್ ಎಯಲ್ಲಿ ನಾವು ಅಮರ ಪ್ರೇಮ ಎಂದು ಕರಗಿದ್ದನ್ನು ಹತ್ತು ವರ್ಷ ಜೈಲಿನಲ್ಲಿ ಕೊಳೆಯಲು ಬಿಟ್ಟರೆ ಅದು ಏನಾಗುತ್ತದೆ ಎಂದು ತೋರಿಸುವ ಧೈರ್ಯ ಅಲ್ಲಿತ್ತು. ನಿರ್ದೇಶಕರು ತಮ್ಮದೇ ಮೊದಲ ಭಾಗವನ್ನು ನಮಗಿಂತ ನಿಷ್ಠುರವಾಗಿ ಓದಿದ್ದರು. ಚೈತ್ರಾ ಆಚಾರ್ ಅವರ ಸುರಭಿ ಇಲ್ಲದಿದ್ದರೆ ಆ ಓದು ಇಷ್ಟು ನೋಯುತ್ತಿರಲಿಲ್ಲ. ಲಯ ಅಲ್ಲಲ್ಲಿ ಕುಂಟುತ್ತದೆ, ಹೊಡೆದಾಟಗಳು ಉದ್ದವಾದವು, ಒಪ್ಪುತ್ತೇನೆ.

ಇಷ್ಟು ಹೇಳಿದ ಮೇಲೆ ಕೇಳುವವರು ಒಂದು ಹೆಜ್ಜೆ ಮುಂದೆ ಹೋಗಿ, “ಹಾಗಾದರೆ ನೀವು ನಿಜವಾಗಿ ಮೆಚ್ಚುವುದು ಯಾವುದು?” ಎನ್ನುತ್ತಾರೆ. ಗಂಭೀರ ಉತ್ತರದ ನಿರೀಕ್ಷೆಯಲ್ಲಿ ಇರುತ್ತಾರೆ ಪಾಪ. ‘ಆಪ್ತರಕ್ಷಕ’ ಎಂದಾಗ ಅವರ ಮುಖ ನೋಡಬೇಕು.

2004ರ ‘ಆಪ್ತಮಿತ್ರ’ ಮಲಯಾಳದಿಂದ ಬಂದ ಅಚ್ಚುಕಟ್ಟಾದ ಕತೆ. ನಾಗವಲ್ಲಿ ಎಂಬ ನರ್ತಕಿಯ ದೆವ್ವದ ಕಾಟ ಎಂದು ಮನೆಯೆಲ್ಲ ನಡುಗುವಾಗ ಮನೋವೈದ್ಯ ವಿಜಯ್ ಅದನ್ನು ಕಾಯಿಲೆ ಎಂದು ಬಿಡಿಸಿ ಹೇಳುತ್ತಾನೆ. ಚಿತ್ರ ತೆರೆಗೆ ಬರುವ ಮೊದಲೇ ನಾಗವಲ್ಲಿಯಾಗಿ ಕುಣಿದ ಸೌಂದರ್ಯ ತೀರಿಕೊಂಡಿದ್ದರು. ಆ ಕುಣಿತವನ್ನು ನೋಡಿದವರು ಆ ನೋವಿನೊಂದಿಗೇ ನೋಡಿದರು. ಅದರ ಮುಂದಿನ ಭಾಗವಾದ ‘ಆಪ್ತರಕ್ಷಕ’ಕ್ಕೆ ಈ ವಿಜ್ಞಾನದ ಹಂಗೇ ಇಲ್ಲ. ಅದಕ್ಕೆ ದೊಡ್ಡ ಹಾವು ಬೇಕು, ತಂದಿದ್ದಾರೆ. ನಾಗವಲ್ಲಿಯ ಹಳೆಯ ಕತೆಯ ರಾಜಾ ವಿಜಯ ರಾಜೇಂದ್ರ ಬಹಾದ್ದೂರ್ ಬೇಕು, ತಂದಿದ್ದಾರೆ; ಬರೀ ನೆನಪಿನಲ್ಲಲ್ಲ, ನೂರು ದಾಟಿದ ಮೇಲೂ ಬದುಕಿರುವಂತೆ. ನಿರ್ದೇಶಕ ಪಿ. ವಾಸು ಮೊದಲ ಚಿತ್ರವನ್ನು ಓದಿಕೊಂಡ ಬಗೆ ವೈದ್ಯಕೀಯವಾಗಿ ಅಕ್ಷಮ್ಯ, ಚಿತ್ರಮಂದಿರದ ಲೆಕ್ಕದಲ್ಲಿ ನೂರಕ್ಕೆ ನೂರು. ಏಕೆಂದರೆ ನಮಗೆ ಬೇಕಾಗಿದ್ದು ರೋಗ ನಿರ್ಣಯವಲ್ಲ, ವಿಷ್ಣುವರ್ಧನ್ ರಾಜನ ಪೋಷಾಕಿನಲ್ಲಿ ತಲೆ ಎತ್ತಿ ನಗುವುದು. 2009ರ ಡಿಸೆಂಬರ್ 30ರಂದು ಅವರು ಹೋದರು, ಚಿತ್ರ ಬಂದದ್ದು ಮರುವರ್ಷದ ಫೆಬ್ರುವರಿಯಲ್ಲಿ. ಸಿಳ್ಳೆ ಹಾಕುತ್ತಲೇ ಅಳುವ ಜನರನ್ನು ನಾನು ಕಂಡದ್ದು ಆ ಚಿತ್ರಕ್ಕೆ. ಗ್ರಾಫಿಕ್ಸ್ ಹಾವನ್ನು ನೋಡಿ ಇಂದಿನ ಮಕ್ಕಳು ನಗುತ್ತಾರೆ. ನಗಲಿ. ನಾನೂ ನಗುತ್ತೇನೆ, ಆದರೆ ರಿಮೋಟ್ ಕೊಡುವುದಿಲ್ಲ.

ಅದೇ ವಿಷ್ಣುವರ್ಧನ್ ಅವರನ್ನು ಗ್ರಾಫಿಕ್ಸ್‌ನಲ್ಲಿ ಮರಳಿ ಸೃಷ್ಟಿಸಿದ 2016ರ ‘ನಾಗರಹಾವು’ ನನಗೆ ಸೇರಲಿಲ್ಲ. ಅಲ್ಲಿ ಮುಖ ಇತ್ತು, ಅವರಿರಲಿಲ್ಲ.

ನಾಚಿಕೆ ಬಿಟ್ಟು ಹೇಳಬಹುದಾದ ಇನ್ನೊಂದು ಸುಖ, ಡಾ. ರಾಜ್ ಅವರ ಸಿ.ಐ.ಡಿ. 999 ಚಿತ್ರಗಳು. ದೊರೈ–ಭಗವಾನ್ ಜೋಡಿ 1968ರಲ್ಲಿ ‘ಜೇಡರ ಬಲೆ’ ಮಾಡಿತು, ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’, ಆಮೇಲೆ ದೀರ್ಘ ವಿರಾಮದ ನಂತರ 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ಯಾವುದಕ್ಕೂ ಭಾಗ ಎರಡು, ಭಾಗ ಮೂರು ಎಂಬ ಅಂಕಿಯಿಲ್ಲ. ಹಿಂದಿನದರ ಕತೆ ತಿಳಿದಿರಬೇಕೆಂಬ ಷರತ್ತೂ ಇಲ್ಲ. ಸೂಟು ತೊಟ್ಟ ಗೂಢಚಾರ ಬರುತ್ತಾನೆ, ಖದೀಮರ ಅಡ್ಡೆಯಲ್ಲಿ ದೀಪಗಳು ಮಿನುಗುತ್ತವೆ, ಯಾರೋ ಯಾವುದೋ ಗುಂಡಿ ಒತ್ತುತ್ತಾರೆ, ಗೋಡೆ ಬಾಗಿಲಾಗುತ್ತದೆ. ಕೊನೆಯದರಲ್ಲಿ ರಾಜ್ ತಾವೇ ಇಂಗ್ಲಿಷಿನಲ್ಲಿ ಹಾಡುತ್ತಾರೆ. ಪುರಾಣದ ದೇವರಾಗಿ, ಹಳ್ಳಿಯ ರೈತನಾಗಿ ಅವರನ್ನು ಕಂಡ ಕಣ್ಣಿಗೆ ಅದು ಹಬ್ಬ. ಆ ತಂಡಕ್ಕೆ ತಮ್ಮ ಚಿತ್ರ ಯಾಕೆ ಓಡಿತು ಎಂಬ ಬಗ್ಗೆ ಗೊಂದಲವೇ ಇರಲಿಲ್ಲ: ಜನರಿಗೆ ರಾಜಣ್ಣ ಸೂಟಿನಲ್ಲಿ ಬೇಕು. ಕೊಟ್ಟರು.

ಕಳೆದ ವರ್ಷ, 2025ರ ಜುಲೈನಲ್ಲಿ ಬಂದ ‘ಸು ಫ್ರಮ್ ಸೋ’ಗೆ ಈ ಪ್ರಶ್ನೆ ಇನ್ನೂ ಅಂಟಿಕೊಂಡಿಲ್ಲ, ಅಂಟಿಕೊಳ್ಳುವ ಭಯವಿದೆ. ತಪ್ಪು ಮಾಡಿ ಸಿಕ್ಕಿಬಿದ್ದ ಅಶೋಕ ಬಚಾವಾಗಲು ಮೈಮೇಲೆ ದೆವ್ವ ಬಂದಂತೆ ಆಡುತ್ತಾನೆ, ಊರಿನವರು ಅದು ಸೋಮೇಶ್ವರದ ಸುಲೋಚನಾ ಎಂದು ನಂಬುತ್ತಾರೆ. ಜೆ.ಪಿ. ತುಮಿನಾಡ್ ಬರೆದು, ನಿರ್ದೇಶಿಸಿ, ಅಶೋಕನಾಗಿಯೂ ನಟಿಸಿದ್ದಾರೆ. ಜನ ಮುಗಿಬಿದ್ದು ನೋಡಿದರು, ನಕ್ಕು ಸುಸ್ತಾದರು. ಎರಡನೆಯದು ಬರುತ್ತದೆಯೇ ಎಂದು ನನ್ನನ್ನು ಕೇಳಿದವರೂ ಉಂಟು. ನನಗೇನು ಗೊತ್ತು? ಅಲ್ಲಿ ನಾನು ನಕ್ಕದ್ದು ದೆವ್ವಕ್ಕಲ್ಲ. ಸತ್ತ ಮನೆಯಾಗಲಿ, ಮದುವೆ ಮನೆಯಾಗಲಿ, ಬೇಡವೆಂದರೂ ಮುಂದೆ ನಿಂತು ಯಜಮಾನಿಕೆ ಮಾಡುವ ರವಿಯಣ್ಣನಿಗೆ, ಅವನ ಹಿಂದೆ ಬಾಯಿಗೊಂದು ಮಾತಾಡುವ ಊರಿಗೆ. ಮಾಡಿದವರೂ ಹಾಗೆಯೇ ಓದಿಕೊಂಡಿದ್ದರೆ ಮೊದಲ ದಿನವೇ ಹೋಗುತ್ತೇನೆ. ಹಾಗಲ್ಲದೆ ರವಿಯಣ್ಣ ದೊಡ್ಡ ಬಜೆಟ್ಟಿನಲ್ಲಿ ದೆವ್ವಗಳಿಂದ ಕರಾವಳಿಯನ್ನೇ ಕಾಪಾಡಲು ಹೊರಟರೆ, ನಾನು ಮನೆಯಲ್ಲಿ ‘ಜೇಡರ ಬಲೆ’ ಹಾಕಿಕೊಂಡು ಕೂತಿರುತ್ತೇನೆ. ಕೇಳಬೇಕೆನಿಸಿದವರು ಅಲ್ಲಿಗೇ ಬನ್ನಿ.