ಅಟ್ಟದಲ್ಲಿ ಕೂತು ಕೇಳಿಸಿಕೊಂಡವನು

2008ರ ಡಿಸೆಂಬರ್. ನಾನಾಗ ಎರಡನೇ ಬಿಎ. ಒಂದು ಸಂಜೆ ನಾಟಕ ಸಂಘದ ಮೇಷ್ಟ್ರು ಕ್ಲಾಸ್‌ರೂಮಿನ ಕಿಟಕಿಗಳಿಗೆ ಜಮಖಾನ ಕಟ್ಟಿಸಿ, 'ದಿ ಲೈವ್ಸ್ ಆಫ್ ಅದರ್ಸ್' ಎಂಬ ಜರ್ಮನ್ ಸಿನಿಮಾ ಹಾಕಿದರು.

ಪೂರ್ವ ಜರ್ಮನಿಯ ಗುಪ್ತ ಪೊಲೀಸ್ ಪಡೆ ಸ್ಟಾಸಿ. ಅದರ ಅಧಿಕಾರಿಯೊಬ್ಬ ಅಟ್ಟದಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೆಳಗಿನ ಮನೆಯ ನಾಟಕಕಾರನ ಮಾತು ಕದ್ದು ಕೇಳುತ್ತಾನೆ. ಒಮ್ಮೆ ಪಿಯಾನೋ ಕೇಳಿಸುತ್ತದೆ. ಅವನ ಕಣ್ಣಿಂದ ಹನಿ ಜಾರುತ್ತದೆ. ಮುಖ ಅಲುಗುವುದಿಲ್ಲ. ಮೇಷ್ಟ್ರು ಅಲ್ಲಿಗೆ ನಿಲ್ಲಿಸಿ, ಅದನ್ನೇ ಮತ್ತೆ ಹಾಕಿದರು. "ನಿಮ್ಮ ಡೈಲಾಗ್ ಯಾವಾಗ ಬರುತ್ತೆ ಅಂತ ಕಾಯ್ತಾ ನಿಂತಿರ್ತೀರಿ. ಈತ ಕೇಳಿಸ್ಕೊಳ್ತಿದ್ದಾನೆ, ನೋಡ್ರೋ!"

ಆ ನಟ ಉಲ್ರಿಶ್ ಮ್ಯೂಹೆ. 1953ರಲ್ಲಿ ಪೂರ್ವ ಜರ್ಮನಿಯ ಗ್ರಿಮ್ಮಾ ಊರಿನಲ್ಲಿ ಹುಟ್ಟಿದವರು. ಮೊದಲು ಕಲಿತದ್ದು ಕಟ್ಟಡದ ಕೆಲಸ. ಕಡ್ಡಾಯ ಸೈನ್ಯ ಸೇವೆಯಲ್ಲಿ, ನಗರವನ್ನು ಪೂರ್ವ-ಪಶ್ಚಿಮವಾಗಿ ಸೀಳಿದ್ದ ಬರ್ಲಿನ್ ಗೋಡೆಯನ್ನೇ ಕಾಯಬೇಕಾಯಿತು. ಹೊಟ್ಟೆಯಲ್ಲಿ ಹುಣ್ಣಾಗಿ ಅಲ್ಲಿಂದ ಹೊರಬಂದರು. ಆಮೇಲೆ ಲೈಪ್‌ಜಿಗ್‌ನಲ್ಲಿ ನಟನೆ ಕಲಿತು ಬರ್ಲಿನ್ ಸೇರಿದರು. 1983ರಿಂದ ಡಾಯ್ಚಸ್ ಥಿಯೇಟರ್‌ನಲ್ಲಿದ್ದರು.

1989ರ ಕಥೆಯನ್ನು ಮೇಷ್ಟ್ರು ಎದ್ದು ನಿಂತು ಹೇಳಿದರು. ನಿರ್ದೇಶಕ ಹೈನರ್ ಮ್ಯುಲ್ಲರ್ ಜೊತೆ ಮ್ಯೂಹೆ 'ಹ್ಯಾಮ್ಲೆಟ್' ತಾಲೀಮು ನಡೆಸುತ್ತಿದ್ದ ಕಾಲ ಅದು. ಒಳಗೆ ಕೊಳೆತ ರಾಜ್ಯದ ರಾಜಕುಮಾರನ ಪಾತ್ರ. ಹೊರಗೆ ಅವರ ದೇಶವೇ ಕುಸಿಯುತ್ತಿತ್ತು. ನವೆಂಬರ್ 4ರಂದು ರಂಗಭೂಮಿಯವರೇ ಕರೆ ಕೊಟ್ಟ ಮೆರವಣಿಗೆಗೆ ಅಲೆಕ್ಸಾಂಡರ್‌ಪ್ಲಾಟ್ಸ್ ಚೌಕದಲ್ಲಿ ಲಕ್ಷಾಂತರ ಜನ ಸೇರಿದರು. ಅಲ್ಲಿ ಮ್ಯೂಹೆಯೂ ವೇದಿಕೆ ಹತ್ತಿ ಮಾತಾಡಿದರು. ಐದೇ ದಿನ, ಗೋಡೆ ತೆರೆಯಿತು. ನಾಟಕ ರಂಗಕ್ಕೆ ಬಂದದ್ದು ಮರುವರ್ಷ ಮಾರ್ಚ್‌ನಲ್ಲಿ. ಅಷ್ಟರಲ್ಲಿ ನೋಡುವವರ ದೇಶವೇ ಬೇರೆಯಾಗಿತ್ತು, ಅಲ್ವಾ?

ಸ್ಟಾಸಿ ಅಧಿಕಾರಿಯ ಪಾತ್ರಕ್ಕೆ ಹೇಗೆ ತಯಾರಾದಿರಿ ಎಂದು ಕೇಳಿದವರಿಗೆ, ನೆನಪು ಮಾಡಿಕೊಂಡೆ ಎಂದಿದ್ದರಂತೆ ಅವರು. ಆ ಮುಖದ ಮೌನ ಎಲ್ಲಿಂದ ಬಂತು ಎಂದು ನನಗೆ ಆಗ ತಿಳಿಯಿತು.

2007ರ ಫೆಬ್ರುವರಿಯಲ್ಲಿ ಸಿನಿಮಾಕ್ಕೆ ಆಸ್ಕರ್ ಬಂತು. ಜುಲೈನಲ್ಲಿ ಮ್ಯೂಹೆ ಹೊಟ್ಟೆಯ ಕ್ಯಾನ್ಸರ್‌ನಿಂದ ತೀರಿಕೊಂಡರು. ವಯಸ್ಸು 54. ಇದನ್ನು ಮೇಷ್ಟ್ರು ಕೊನೆಯಲ್ಲಿ ಹೇಳಿದರು. ಲೈಟ್ ಹಾಕಿದ ಮೇಲೂ ಯಾರೂ ಏಳಲಿಲ್ಲ.

ಆ ವರ್ಷದ ಕಾಲೇಜು ನಾಟಕದಲ್ಲಿ ನನಗೆ ಸಿಕ್ಕಿದ್ದು ಕಾವಲುಗಾರನ ಪಾತ್ರ. ಎರಡೇ ಸಾಲು ಮಾತು. ಮೊದಲಾಗಿದ್ದರೆ ಬೇಜಾರು ಮಾಡಿಕೊಳ್ಳುತ್ತಿದ್ದೆ. ಅವತ್ತು ನಲವತ್ತು ನಿಮಿಷ ಈಟಿ ಹಿಡಿದು ನಿಂತು, ರಾಜನ ಒಂದೊಂದು ಮಾತನ್ನೂ ಕೇಳಿಸಿಕೊಂಡೆ.